ಲ್ಯಾಬಿನಿಂದ ವಾರ್ಡಿನವರೆಗೆ: ಡಾಕ್ಟರು, ಎಂಜಿನಿಯರು ಸೇರಿ ಮಾಡುವ ಸಂಶೋಧನೆಗೆ ದುಡ್ಡು ಹೊಂದಿಸುವುದು ಹೇಗೆ

ನಾನು ಹೋದ ಬಹಳಷ್ಟು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಲ್ಯಾಬಿನ ಬೀರು ತೆಗೆಸಿ ನೋಡಿದ್ದೇನೆ. ಸಕ್ಕರೆ ಕಾಯಿಲೆಯವರ ಪಾದದ ಒತ್ತಡ ಅಳೆಯುವ ಚಪ್ಪಲಿ, ಹಸುಗೂಸಿನ ಉಸಿರು ಎಣಿಸುವ ಬೆಲ್ಟು, ಹೀಗೆ ಏನಾದರೂ ಒಂದು ಸಿಗುತ್ತದೆ. ಅದಕ್ಕೆ ಬಹುಮಾನವೂ ಬಂದಿರುತ್ತದೆ. ಆದರೆ ಒಬ್ಬ ರೋಗಿಯನ್ನೂ ಅದು ಮುಟ್ಟಿರುವುದಿಲ್ಲ. ಅದೇ ಊರಿನ ಮೆಡಿಕಲ್ ಕಾಲೇಜಿನಲ್ಲಿ ಅಂಥದ್ದೊಂದು ಸಾಧನ ಬೇಕು ಅಂತ ಡಾಕ್ಟರೊಬ್ಬರು ಹುಡುಕುತ್ತಿರುತ್ತಾರೆ. ಕೇಳಿದರೆ ಇಬ್ಬರೂ ಹೇಳುವುದು ಒಂದೇ ಮಾತು: "ದುಡ್ಡಿಲ್ಲ."

ದುಡ್ಡಿನ ತೊಂದರೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರಪೋಸಲ್ ಬರೆಯುವವರ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ನನಗೆ ಕಂಡದ್ದು ಬೇರೆ. ನಾವು ಮೊದಲು ಬಜೆಟ್ ಬರೆಯುತ್ತೇವೆ. ಗ್ರ್ಯಾಂಟ್ ಬಂದ ಮೇಲೆ ಒಪ್ಪಿಗೆ ಕೊಡುವವರು ಯಾರು, ಅವರು ಏನು ಕೇಳುತ್ತಾರೆ ಅಂತ ಹುಡುಕುತ್ತೇವೆ. ಇದು ತಿರುಗುಮುರುಗಾಗಬೇಕು. ಒಪ್ಪಿಗೆಯ ದಾರಿಯನ್ನು ಮೊದಲು ಬರೆಯಿರಿ. ಬಜೆಟ್ ಅದರಿಂದಲೇ ಹುಟ್ಟುತ್ತದೆ. ಈ ಲೇಖನ ಇರುವುದೇ ಅದಕ್ಕೆ. ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜಿನ ಡಾಕ್ಟರು, ಅವರ ಜೊತೆ ಕೆಲಸ ಮಾಡಬೇಕೆಂದಿರುವ ಎಂಜಿನಿಯರಿಂಗ್ ಅಥವಾ ಜೀವವಿಜ್ಞಾನದ ಮೇಷ್ಟ್ರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಈ ಕ್ಷೇತ್ರದಲ್ಲಿ ಎರಡು ಹೆಸರು ಆಗಾಗ ಬರುತ್ತವೆ, ಮೊದಲೇ ಹೇಳಿಬಿಡುತ್ತೇನೆ. ಲ್ಯಾಬಿನಲ್ಲಿ ಕಂಡುಕೊಂಡದ್ದನ್ನು ರೋಗಿಯ ಹಾಸಿಗೆಯ ತನಕ ತರುವ ಕೆಲಸಕ್ಕೆ ಟ್ರಾನ್ಸ್‌ಲೇಷನಲ್ ಸಂಶೋಧನೆ ಅನ್ನುತ್ತಾರೆ. ಒಂದು ಔಷಧ ಅಥವಾ ಸಾಧನ ಸುರಕ್ಷಿತವೇ, ಹೇಳಿದ ಕೆಲಸ ಮಾಡುತ್ತದೆಯೇ ಎಂದು ಅಳೆಯುವುದು ಹೇಗೆ? ಆ ಅಳತೆಗೋಲುಗಳನ್ನೇ ಕಟ್ಟುವ ವಿಜ್ಞಾನ ರೆಗ್ಯುಲೇಟರಿ ಸೈನ್ಸ್. ಅಮೆರಿಕದಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಎನ್‌ಐಎಚ್ ಮತ್ತು ಔಷಧಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ 2010ರಲ್ಲಿ ಜೊತೆಗೂಡಿದವು. ಮೂರು ವರ್ಷಕ್ಕೆ 67.5 ಲಕ್ಷ ಡಾಲರ್ ಈ ವಿಜ್ಞಾನಕ್ಕೆಂದೇ ತೆಗೆದಿಟ್ಟವು. ಅಲ್ಲಿನ ಲೆಕ್ಕದಲ್ಲಿ ಸಣ್ಣ ಮೊತ್ತ. ಆದರೆ ದುಡ್ಡು ಕೊಡುವವರು, ಒಪ್ಪಿಗೆ ಕೊಡುವವರು ಒಂದೇ ಮೇಜಿಗೆ ಬಂದರಲ್ಲ, ಅದು ದೊಡ್ಡದು.

ನಮ್ಮಲ್ಲಿ ಇದಕ್ಕಿಂತ ಹಳೆಯ, ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದ ಉದಾಹರಣೆ ಇದೆ. ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯಲ್ಲಿ ಹೃದಯದ ಕವಾಟ ತಯಾರಾದ ಕಥೆ. ವಿದೇಶದ ಕವಾಟ ನಮ್ಮ ರೋಗಿಗಳ ಕೈಗೆ ಎಟುಕುತ್ತಿರಲಿಲ್ಲ. ಶಸ್ತ್ರವೈದ್ಯರಾಗಿದ್ದ ಡಾ. ಎಂ. ಎಸ್. ವಲಿಯತ್ತಾನ್ ಎಂಜಿನಿಯರುಗಳನ್ನು ಸೇರಿಸಿಕೊಂಡು ಕೆಲಸ ಶುರು ಮಾಡಿದರು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ನಾಲ್ಕನೆಯದು ನಿಂತಿತು. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಆಮೇಲೆ ಹಲವು ಆಸ್ಪತ್ರೆಗಳಲ್ಲಿ ಪ್ರಯೋಗ ನಡೆಯಿತು. ಟಿಟಿಕೆ ಕಂಪನಿ ತಯಾರಿಕೆಗೆ ಇಳಿಯಿತು. ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಆ ಕವಾಟ ಬಡಿದಿದೆ. ವಲಿಯತ್ತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ನಮ್ಮ ಕರಾವಳಿಗೇ ಬಂದರು. ಇದನ್ನು ಹೇಳಿದ್ದು ಯಾಕೆಂದರೆ, ಅಲ್ಲಿ ಆಸ್ಪತ್ರೆ ಮತ್ತು ಸಾಧನ ರೂಪಿಸುವ ತಂತ್ರಜ್ಞಾನ ವಿಭಾಗ ಒಂದೇ ಸಂಸ್ಥೆಯ ಎರಡು ಕೈಗಳಾಗಿದ್ದವು. ಮೂರು ಸಲ ಸೋಲುವಷ್ಟು ಕಾಲ ದುಡ್ಡು ಕೊಟ್ಟು ಕಾಯುವವರೂ ಇದ್ದರು. ನಮ್ಮ ನಿಮ್ಮ ಹತ್ತಿರ ಎರಡೂ ಇರುವುದಿಲ್ಲ, ಅಲ್ವಾ? ಹಾಗಾಗಿ ಕಾಗದದ ಮೇಲೆ ಅದನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಒಂದು: ಪ್ರಶ್ನೆ ವಾರ್ಡಿನಿಂದ ಬರಲಿ

ಹಸುಗೂಸಿನ ಉಸಿರು ಎಣಿಸುವ ಬೆಲ್ಟನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಮೇಷ್ಟ್ರು ಒಂದು ವಾರ ನವಜಾತ ಶಿಶುಗಳ ವಾರ್ಡಿನಲ್ಲಿ ಕೂರಲಿ. ರಾತ್ರಿ ಪಾಳಿಯಲ್ಲೂ ಕೂರಲಿ. ಎಷ್ಟು ಕೂಸಿಗೆ ಒಬ್ಬ ಸಿಸ್ಟರ್ ಇದ್ದಾರೆ, ಈಗಿರುವ ಮಾನಿಟರಿನ ಅಲಾರಂ ಸುಮ್ನೆ ಎಷ್ಟು ಸಲ ಹೊಡೆದುಕೊಳ್ಳುತ್ತದೆ, ಕರೆಂಟು ಹೋದಾಗ ಏನು ಮಾಡುತ್ತಾರೆ, ಬೆಲ್ಟನ್ನು ಯಾವುದರಿಂದ ಒರೆಸುತ್ತಾರೆ. ಇವನ್ನು ಬರೆದುಕೊಳ್ಳಿ.

ಆಮೇಲೆ ಇಬ್ಬರೂ ಕೂತು ಒಂದೇ ವಾಕ್ಯ ಬರೆಯಿರಿ: ಈ ಸಾಧನವನ್ನು ಯಾರು, ಯಾರ ಮೇಲೆ, ಎಲ್ಲಿ, ಯಾವ ಉದ್ದೇಶಕ್ಕೆ ಬಳಸುತ್ತಾರೆ? "ಉಸಿರು ಎಣಿಸುತ್ತದೆ" ಅನ್ನುವುದು ಬೇರೆ. "ಉಸಿರು ನಿಂತರೆ ಎಚ್ಚರಿಸುತ್ತದೆ" ಅನ್ನುವುದು ಬೇರೆ. ಎರಡನೆಯದರಲ್ಲಿ ಸಾಧನ ತಪ್ಪಿದರೆ ಕೂಸಿನ ಜೀವಕ್ಕೆ ಅಪಾಯ. ಆದ್ದರಿಂದ ಪರೀಕ್ಷೆ ಜಾಸ್ತಿ, ಖರ್ಚು ಜಾಸ್ತಿ, ಕಾಲವೂ ಜಾಸ್ತಿ. ಈ ಒಂದು ವಾಕ್ಯಕ್ಕೆ ಎರಡು ವಾರ ಹಿಡಿದರೂ ಪರವಾಗಿಲ್ಲ.

ಎರಡು: ಒಪ್ಪಿಗೆಯ ನಕ್ಷೆ ಬರೆಯಿರಿ

ಇದೇ ಎಲ್ಲಕ್ಕಿಂತ ಮುಖ್ಯ. ಸಾವಧಾನವಾಗಿ ಓದಿ.

ಸಾಧನವಾದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. 2018ರ ಜನವರಿ 1ರಿಂದ ಜಾರಿಯಲ್ಲಿವೆ. ಅಪಾಯದ ಮಟ್ಟ ನೋಡಿ ಸಾಧನಗಳನ್ನು ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ ಮಾಡಿದ್ದಾರೆ. ನಾಲಿಗೆ ಒತ್ತಿ ನೋಡುವ ಕಡ್ಡಿ ಎ. ಇಂಜೆಕ್ಷನ್ ಸೂಜಿ ಬಿ. ವೆಂಟಿಲೇಟರ್ ಸಿ. ಹೃದಯದ ಕವಾಟ ಡಿ. ಎ ಮತ್ತು ಬಿ ವರ್ಗದ ತಯಾರಿಕೆಗೆ ಲೈಸೆನ್ಸ್ ಕೊಡುವುದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು. ಸಿ ಮತ್ತು ಡಿ ಆದರೆ ದೆಹಲಿಯ ಕೇಂದ್ರ ಸಂಸ್ಥೆ ಸಿಡಿಎಸ್‌ಸಿಒ. ಯಾವ ಸಾಧನ ಯಾವ ವರ್ಗ ಅಂತ ಸಿಡಿಎಸ್‌ಸಿಒ ಪಟ್ಟಿಗಳನ್ನು ಹಾಕಿದೆ. ಮೊದಲು ಅದರಲ್ಲಿ ನಿಮ್ಮದನ್ನು ಹುಡುಕಿ.

ಮುಂದಿನ ಪ್ರಶ್ನೆ: ಇಂಥದ್ದೇ ಸಾಧನ ಈಗಾಗಲೇ ಇಲ್ಲಿ ಲೈಸೆನ್ಸ್ ಪಡೆದು ಮಾರಾಟದಲ್ಲಿದೆಯೇ? ಇದ್ದರೆ ಅದಕ್ಕೆ ಹೋಲಿಸಿ ತೋರಿಸುವ ದಾರಿ ಇದೆ. ಇಲ್ಲದಿದ್ದರೆ ಹೊಸ ಸಾಧನ ಅನ್ನಿಸಿಕೊಳ್ಳುತ್ತದೆ. ರೋಗಿಗಳ ಮೇಲೆ ಪರೀಕ್ಷೆ ಮಾಡಿ ಪುರಾವೆ ಕೊಡಬೇಕು. ಆ ಪರೀಕ್ಷೆಗೆ ಮುಂಚಿತವಾಗಿ ಅನುಮತಿ ಬೇಕು. ಅರ್ಜಿ ಎಂಡಿ-22, ಸಿಗುವ ಅನುಮತಿ ಎಂಡಿ-23. ರಕ್ತ, ಮೂತ್ರ ಪರೀಕ್ಷಿಸುವ ಕಿಟ್ ಆದರೆ ಅರ್ಜಿ ಎಂಡಿ-24, ಅನುಮತಿ ಎಂಡಿ-25.

ಇನ್ನೊಂದು ಕಾಗದವನ್ನು ಬಹಳ ಜನ ಮರೆಯುತ್ತಾರೆ. ಪರೀಕ್ಷೆಗೆಂದು ನಾಲ್ಕೈದು ಸಾಧನ ತಯಾರಿಸುವುದಕ್ಕೂ ಟೆಸ್ಟ್ ಲೈಸೆನ್ಸ್ ಬೇಕು. ಅರ್ಜಿ ಎಂಡಿ-12, ಲೈಸೆನ್ಸ್ ಎಂಡಿ-13. ನಾನು ಜೊತೆಗಿದ್ದ ಒಂದು ತಂಡ ಇಲ್ಲೇ ಎಡವಿತು. ಗ್ರ್ಯಾಂಟ್ ಬಂದಿತ್ತು. ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡಿದ್ದೆವು. ರೋಗಿಗಳ ಮೇಲಿನ ಸಂಶೋಧನೆ ಸರಿಯೇ ಎಂದು ನೋಡಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಸಭೆಯಲ್ಲಿ ಸದಸ್ಯರೊಬ್ಬರು ಕೇಳಿದರು: "ಈ ಮಾದರಿಗಳನ್ನು ಯಾವ ಲೈಸೆನ್ಸ್ ಮೇಲೆ ತಯಾರಿಸಿದ್ದೀರಿ?" ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಲೈಸೆನ್ಸ್ ಆಗಿ ಮತ್ತೆ ಸಭೆಯ ಮುಂದೆ ಹೋಗುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಹುಡುಗರ ಸಂಬಳದ ದುಡ್ಡು ಅಷ್ಟೂ ದಿನ ಖರ್ಚಾಗುತ್ತಲೇ ಇತ್ತು. ಕೊನೆಯ ಹಂತಕ್ಕೆ ಬಂದಾಗ ಕೈ ಖಾಲಿ. ಆ ಎಂಟು ತಿಂಗಳು ನನಗೆ ಇವತ್ತಿಗೂ ಚುಚ್ಚುತ್ತದೆ.

ಔಷಧವಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಭಾರತದಲ್ಲೇ ಕಂಡುಹಿಡಿದ ಔಷಧವನ್ನು ಇಲ್ಲೇ ತಯಾರಿಸಿ ಮಾರುವ ಉದ್ದೇಶ ಇದ್ದರೆ ಟ್ರಯಲ್ ಅರ್ಜಿಗೆ 30 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು ಎಂಬ ನಿಯಮ ಇದೆ. ಈಗಾಗಲೇ ಒಪ್ಪಿಗೆ ಪಡೆದ ಔಷಧವನ್ನು ಬೇರೆ ಕಾಯಿಲೆಗೆ ಅಥವಾ ಬೇರೆ ಪ್ರಮಾಣದಲ್ಲಿ, ಮಾರಾಟದ ಉದ್ದೇಶವಿಲ್ಲದೆ ಪರೀಕ್ಷಿಸುವುದಾದರೆ ಅದನ್ನು ಅಕಾಡೆಮಿಕ್ ಟ್ರಯಲ್ ಅನ್ನುತ್ತಾರೆ. ಮೆಡಿಕಲ್ ಕಾಲೇಜಿನವರಿಗೆ ಇದು ಸುಲಭದ ಬಾಗಿಲು. ಇದಕ್ಕೆ ಮುಖ್ಯವಾಗಿ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಆದರೆ ಇಲ್ಲಿ ಬಂದ ಫಲಿತಾಂಶ ತೋರಿಸಿ ಮಾರಾಟಕ್ಕೆ ಅನುಮತಿ ಕೇಳುವಂತಿಲ್ಲ.

ಇದನ್ನೆಲ್ಲ ಓದಿ ತಲೆ ತಿರುಗಿದರೆ ಸಹಜ. ಕೇಳಿ ತಿಳಿಯಲು ಜಾಗಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2023ರ ಡಿಸೆಂಬರ್‌ನಲ್ಲಿ ಮೆಡ್‌ಟೆಕ್ ಮಿತ್ರ ಎಂಬ ವ್ಯವಸ್ಥೆ ಶುರು ಮಾಡಿತು. ಸಾಧನ ಕಟ್ಟುವವರಿಗೆ ಪರೀಕ್ಷೆ ಮತ್ತು ಒಪ್ಪಿಗೆಯ ದಾರಿ ತೋರಿಸುವುದೇ ಅದರ ಕೆಲಸ. ಸಿಡಿಎಸ್‌ಸಿಒ ಕೂಡ ಅದರಲ್ಲಿ ಕೈಜೋಡಿಸಿದೆ. ಜೈವಿಕ ತಂತ್ರಜ್ಞಾನದ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ಫಸ್ಟ್ ಹಬ್ ಎಂಬ ಸಹಾಯ ಕೇಂದ್ರದಲ್ಲೂ ಇಂಥ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಪ್ರಪೋಸಲ್ ಬರೆಯುವ ಮುಂಚೆಯೇ ಹೋಗಿ ಕೇಳಿ. ಉತ್ತರ ಲಿಖಿತವಾಗಿ ಬಂದರೆ ಪ್ರಪೋಸಲಿಗೆ ಲಗತ್ತಿಸಿ. ಪರಿಶೀಲಿಸುವವರಿಗೆ ನಿಮ್ಮ ಮೇಲೆ ಬರುವ ನಂಬಿಕೆಯೇ ಬೇರೆ.

ಕೊನೆಗೆ ಒಂದು ಪುಟದಲ್ಲಿ ನಕ್ಷೆ ಇರಲಿ. ಎಡಕ್ಕೆ ಕೆಲಸ, ಪಕ್ಕದಲ್ಲಿ ಅದಕ್ಕೆ ಬೇಕಾದ ಒಪ್ಪಿಗೆ, ಅದರ ಪಕ್ಕ ಹಿಡಿಯುವ ತಿಂಗಳು, ಕೊನೆಯಲ್ಲಿ ಖರ್ಚು. ನಿಮ್ಮ ಬಜೆಟ್ಟಿನ ಬೀಜ ಇದೇ.

ಮೂರು: ದುಡ್ಡು ಬರುವ ಮುಂಚೆ ಮಾತುಕತೆ ಮುಗಿಸಿ

ಜೊತೆಯಾಗಿ ಕೆಲಸ ಮಾಡುವವರ ನಡುವೆ ಮನಸ್ತಾಪ ಬರುವುದು ದುಡ್ಡು ಇಲ್ಲದಾಗ ಅಲ್ಲ, ಬಂದ ಮೇಲೆ. ಆದ್ದರಿಂದ ಎರಡು ಸಂಸ್ಥೆಗಳ ನಡುವೆ ಒಪ್ಪಂದ ಪತ್ರ ಆಗಲಿ. ಯೋಜನೆಯ ಮುಖ್ಯ ಸಂಶೋಧಕರು (ಪಿಐ) ಯಾರು, ಜೊತೆ ಸಂಶೋಧಕರು (ಕೋ-ಪಿಐ) ಯಾರು? ಕೊಂಡ ಯಂತ್ರ ಯೋಜನೆ ಮುಗಿದ ಮೇಲೆ ಎಲ್ಲಿ ಉಳಿಯುತ್ತದೆ? ರೋಗಿಗಳ ಮಾಹಿತಿ ಯಾರ ಕಂಪ್ಯೂಟರಿನಲ್ಲಿರುತ್ತದೆ? ಪೇಪರಿನಲ್ಲಿ ಮೊದಲ ಹೆಸರು ಯಾರದು, ಕೊನೆಯ ಹೆಸರು ಯಾರದು? ಪೇಟೆಂಟ್ ಬಂದರೆ ಪಾಲು ಹೇಗೆ? ಪರೀಕ್ಷೆಯಲ್ಲಿ ರೋಗಿಗೆ ತೊಂದರೆಯಾದರೆ ಪರಿಹಾರ ಕೊಡುವ ಹೊಣೆ ಯಾರದು? ಸಿಸ್ಟರ್‌ಗಳು, ಟೆಕ್ನೀಷಿಯನ್‌ಗಳು ಹೆಚ್ಚುವರಿ ಕೆಲಸ ಮಾಡುತ್ತಾರಲ್ಲ, ಅವರಿಗೆ ಏನು? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ.

ಪೇಟೆಂಟಿನ ಬಗ್ಗೆ ಒಂದು ಮಾತು. ಸಮ್ಮೇಳನದಲ್ಲಿ ಪೋಸ್ಟರ್ ಹಾಕಿದ ಮೇಲೆ, ಪತ್ರಿಕೆಗೆ ಸುದ್ದಿ ಕೊಟ್ಟ ಮೇಲೆ ಪೇಟೆಂಟ್ ಕೇಳಿದರೆ ಹೊಸತು ಅನ್ನಿಸಿಕೊಳ್ಳುವುದು ಕಷ್ಟ. ಮೊದಲು ಪ್ರಾವಿಜನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ. ಪೂರ್ತಿ ಅರ್ಜಿಗೆ 12 ತಿಂಗಳ ಅವಕಾಶ ಸಿಗುತ್ತದೆ. ಆಮೇಲೆ ಎಲ್ಲರಿಗೂ ಹೇಳಿ.

ನಾಲ್ಕು: ಯಾವ ಹಂತಕ್ಕೆ ಯಾವ ಬಾಗಿಲು

ಒಂದೇ ಗ್ರ್ಯಾಂಟಿನಲ್ಲಿ ಲ್ಯಾಬಿನಿಂದ ವಾರ್ಡಿನವರೆಗೆ ಹೋಗುತ್ತೇವೆ ಅಂದುಕೊಳ್ಳಬೇಡಿ. ರೋಟಾವ್ಯಾಕ್ ಲಸಿಕೆಯ ದಾರಿ ನೋಡಿ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ನವಜಾತ ಶಿಶುಗಳಲ್ಲಿ 116ಇ ಎಂಬ ವೈರಸ್ ತಳಿ ಸಿಕ್ಕಿತು. ಕೂಸುಗಳಿಗೆ ಅದರಿಂದ ಕಾಯಿಲೆ ಬಂದಿರಲಿಲ್ಲ. ಡಾ. ಎಂ. ಕೆ. ಭಾನ್ ಅದರ ಬೆನ್ನು ಹತ್ತಿದರು. ಮುಂದೆ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ಅಮೆರಿಕದ ಎನ್‌ಐಎಚ್ ಮತ್ತು ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಆರೋಗ್ಯ ಕ್ಷೇತ್ರದ ಪಾಥ್ ಸಂಸ್ಥೆ, ಗೇಟ್ಸ್ ಫೌಂಡೇಶನ್, ಭಾರತ್ ಬಯೋಟೆಕ್ ಎಲ್ಲ ಕೈ ಹಾಕಿದವು. ಕೆಲವರು ಹಣ ಕೊಟ್ಟರು, ಕೆಲವರು ಲ್ಯಾಬ್ ಮತ್ತು ತಿಳಿವಳಿಕೆ ಕೊಟ್ಟರು. ಕೊನೆಯ ಹಂತದ ಪರೀಕ್ಷೆ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಕೂಸುಗಳ ಮೇಲೆ ನಡೆಯಿತು. 2014ರಲ್ಲಿ ಲೈಸೆನ್ಸ್ ಸಿಕ್ಕಿತು. 2016ರಲ್ಲಿ ಸರ್ಕಾರಿ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು. ಸುಮಾರು ಮೂವತ್ತು ವರ್ಷ, ಹಲವು ಕಿಸೆಗಳು. ನಿಮ್ಮದು ಇಷ್ಟು ದೊಡ್ಡದಲ್ಲ, ಸರಿ. ಆದರೂ ಈಗ ಯಾವ ತುಂಡು ದಾರಿಗೆ ದುಡ್ಡು ಬೇಕು ಅಂತ ಗೊತ್ತಿರಬೇಕು.

ಬರೀ ಆಲೋಚನೆ ಇದೆ, ವಾರ್ಡಿನ ಒಂದಿಷ್ಟು ಅಂಕಿ ಅಂಶ ಬೇಕು ಅನ್ನುವ ಹಂತ. ಇದಕ್ಕೆ ದೆಹಲಿಗೆ ಹೋಗಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಸಂಶೋಧನಾ ಅನುದಾನ ಕೊಡುತ್ತದೆ. ಎಂಜಿನಿಯರಿಂಗ್ ಮತ್ತು ವಿಜ್ಞಾನ ಕಾಲೇಜಿನವರಿಗೆ ರಾಜ್ಯ ಸರ್ಕಾರದ ವಿಷನ್ ಗ್ರೂಪ್, ಅಂದರೆ ವಿಜಿಎಸ್‌ಟಿ ಯೋಜನೆಗಳಿವೆ. ಎಂಬಿಬಿಎಸ್ ವಿದ್ಯಾರ್ಥಿ ಜೊತೆಗಿದ್ದರೆ ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನಕ್ಕೆ ಹಾಕಿಸಿ. ಇವೆಲ್ಲ ಸಣ್ಣ ಮೊತ್ತ. ಆದರೆ "ನಾವು ಮುನ್ನೂರು ಕೂಸುಗಳ ಉಸಿರು ನೋಡಿದ್ದೇವೆ" ಅಂತ ಮುಂದಿನ ಪ್ರಪೋಸಲಿನಲ್ಲಿ ಬರೆಯುವ ಹಾಗಾಗುತ್ತದೆ.

ಮಾದರಿ ಕಟ್ಟುವ ಹಂತಕ್ಕೆ ಬೈರಾಕ್‌ನ ಬಿಗ್ ಗ್ರ್ಯಾಂಟ್ ಹೆಸರುವಾಸಿ. 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ. ಜನವರಿ ಮತ್ತು ಜುಲೈನಲ್ಲಿ ಅರ್ಜಿ ಕರೆಯುವುದು ವಾಡಿಕೆ. ಇದು ಕಾಲೇಜಿನ ಹೆಸರಿಗೆ ಬರುವ ಗ್ರ್ಯಾಂಟ್ ಅಲ್ಲ. ಸ್ಟಾರ್ಟಪ್ ಅಥವಾ ಹೊಸ ಉದ್ಯಮಗಳನ್ನು ಬೆಳೆಸುವ ಇನ್‌ಕ್ಯುಬೇಟರಿನಲ್ಲಿ ನೋಂದಾಯಿಸಿಕೊಂಡ ವ್ಯಕ್ತಿ ಪಡೆಯುವುದು. ಕಾಲೇಜಿನ ಮೇಷ್ಟ್ರಾದರೆ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಮೊದಲೇ ತೆಗೆದುಕೊಳ್ಳಿ. ಬೆಂಗಳೂರಿನ ಸಿ-ಕ್ಯಾಂಪ್ ಈ ಗ್ರ್ಯಾಂಟಿನ ಪಾಲುದಾರ ಸಂಸ್ಥೆಗಳಲ್ಲಿ ಒಂದು. ಅರ್ಜಿ ಕರೆಯುವ ಮುಂಚೆ ಅವರು ಮಾಹಿತಿ ಸಭೆಗಳನ್ನು ನಡೆಸುತ್ತಾರೆ, ತಪ್ಪಿಸಬೇಡಿ. ರಾಜ್ಯದ ಎಲಿವೇಟ್ ಯೋಜನೆಯಲ್ಲೂ ಸ್ಟಾರ್ಟಪ್‌ಗಳಿಗೆ 50 ಲಕ್ಷದವರೆಗೆ ಸಿಗುತ್ತದೆ.

ಹಲವು ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡುವ ಹಂತ ಬಂದಾಗ ದೊಡ್ಡ ಬಾಗಿಲು ತಟ್ಟಬೇಕು. ಐಸಿಎಂಆರ್ ಹೊರಗಿನ ಸಂಸ್ಥೆಗಳಿಗೆ ಕೊಡುವ ಎಕ್ಸ್‌ಟ್ರಾಮ್ಯೂರಲ್ ಅನುದಾನಗಳಲ್ಲಿ ಸಣ್ಣದು, ಮಧ್ಯಮ ಅಂತ ಎರಡು ಮೆಟ್ಟಿಲಿವೆ. ಕಾಲೇಜಿನ ಪ್ರಾಧ್ಯಾಪಕರಿಗೆ ಅದೇ ಸಹಜ ದಾರಿ. ಡಿಬಿಟಿ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್, ಬೇರೆ ಬೇರೆ ವಿಷಯದವರು ತಂಡ ಕಟ್ಟಿದರೆ ಐದು ವರ್ಷಕ್ಕೆ 10 ಕೋಟಿವರೆಗೆ ಟೀಮ್ ಸೈನ್ಸ್ ಗ್ರ್ಯಾಂಟ್ ಕೊಟ್ಟಿದೆ. 2025ರ ಅಕ್ಟೋಬರ್‌ನಲ್ಲಿ ಈ ಜೊತೆಗಾರಿಕೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿತು. ಒಟ್ಟು 1,500 ಕೋಟಿ, ಅದರಲ್ಲಿ ಡಿಬಿಟಿಯದು 1,000, ವೆಲ್‌ಕಮ್‌ನದು 500. ಸಂಶೋಧನೆಗೆ ದುಡ್ಡು ಕೊಡುತ್ತಿದ್ದ ಕೇಂದ್ರದ ಹಳೆಯ ಎಸ್‌ಇಆರ್‌ಬಿ ಮಂಡಳಿಯ ಜಾಗದಲ್ಲಿ ಬಂದ ಎಎನ್‌ಆರ್‌ಎಫ್ ಕೂಡ ಐಸಿಎಂಆರ್ ಮತ್ತು ಗೇಟ್ಸ್ ಫೌಂಡೇಶನ್ ಜೊತೆ ಸೇರಿ ವೈದ್ಯಕೀಯ ಸಾಧನಗಳಿಗೆಂದೇ ಮಹಾ ಮೆಡ್‌ಟೆಕ್ ಮಿಷನ್ ತೆರೆದಿದೆ. ಕಂಪನಿ, ಆಸ್ಪತ್ರೆ, ಕಾಲೇಜು ಜೊತೆಯಾಗಿ ಬರುವವರನ್ನು ಅದು ಕರೆಯುತ್ತದೆ.

ಮೊತ್ತ, ಅರ್ಹತೆ, ದಿನಾಂಕ ಕರೆಯಿಂದ ಕರೆಗೆ ಬದಲಾಗುತ್ತವೆ. ಅರ್ಜಿ ಕರೆದ ದಿನದ ಮಾರ್ಗಸೂಚಿಯನ್ನು ಪೂರ್ತಿ ಓದಿ, ಹೋದ ವರ್ಷದ್ದನ್ನಲ್ಲ.

ಐದು: ಬಜೆಟ್ಟಿನಲ್ಲಿ ಬಿಟ್ಟುಹೋಗುವ ಸಾಲುಗಳು

ಯಂತ್ರ, ರಾಸಾಯನಿಕ, ಕಿರಿಯ ಸಂಶೋಧಕರ (ಜೆಆರ್‌ಎಫ್) ಸಂಬಳ, ಪ್ರಯಾಣ. ಇವನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಇವು.

ಮೊದಲನೆಯದು ಪರೀಕ್ಷೆಯ ಖರ್ಚು. ಕರೆಂಟಿನಲ್ಲಿ ನಡೆಯುವ ಸಾಧನಕ್ಕೆ ಐಇಸಿ 60601 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವಿದ್ಯುತ್ ಸುರಕ್ಷತೆಯ ಪರೀಕ್ಷೆ. ಮೈಗೆ ತಾಗುವುದಾದರೆ ಐಎಸ್‌ಒ 10993 ಪ್ರಕಾರ ಚರ್ಮಕ್ಕೆ ಒಗ್ಗುತ್ತದೆಯೇ ಎಂಬ ಪರೀಕ್ಷೆ. ನಮ್ಮ ಬೆಲ್ಟಿಗೆ ಎರಡೂ ಬೇಕು. ಮಾನ್ಯತೆ ಇರುವ ಲ್ಯಾಬಿನಿಂದ ಕೊಟೇಶನ್ ತಂದು ಅದೇ ಮೊತ್ತ ಹಾಕಿ. ಅಂದಾಜು ಹಾಕಬೇಡಿ. ಒಂದು ಸಲ ಫೇಲಾದರೆ ಎರಡನೇ ಸಲ ಮಾಡಿಸಲೂ ದುಡ್ಡಿಡಿ. ಚಿತ್ರ ಕವಾಟ ಮೂರು ಸಲ ಸೋತದ್ದನ್ನು ನೆನಪಿಡಿ.

ಎರಡನೆಯದು ಗುಣಮಟ್ಟದ ಕಡತ. ಐಎಸ್‌ಒ 13485 ಕ್ರಮದಲ್ಲಿ ವಿನ್ಯಾಸದ ಪ್ರತಿ ಬದಲಾವಣೆಗೂ ದಾಖಲೆ ಬೇಕು. ಐಎಸ್‌ಒ 14971 ಪ್ರಕಾರ ಏನೇನು ಅಪಾಯ ಆಗಬಹುದು ಅಂತ ಪಟ್ಟಿ ಬೇಕು. ಇದನ್ನು ಬಲ್ಲ ಒಬ್ಬರನ್ನು ಮೊದಲ ದಿನದಿಂದ ಅರೆಕಾಲಿಕವಾಗಿಯಾದರೂ ಇಟ್ಟುಕೊಳ್ಳಿ. ಎರಡು ವರ್ಷ ಆದಮೇಲೆ ನೆನಪಿನಿಂದ ದಾಖಲೆ ಕಟ್ಟಲು ಆಗುವುದಿಲ್ಲ, ಕಟ್ಟಲೂಬಾರದು.

ಮೂರನೆಯದು ಮನುಷ್ಯರ ಖರ್ಚು. ವಾರ್ಡಿನಲ್ಲಿ ಓಡಾಡಿ ಒಪ್ಪಿಗೆ ಪಡೆಯುವ, ಅರ್ಜಿ ತುಂಬುವ ಕೋಆರ್ಡಿನೇಟರ್. ಲೆಕ್ಕ ಹಾಕುವ ಸ್ಟ್ಯಾಟಿಸ್ಟಿಷಿಯನ್. ಮತ್ತೆ ತೋರಿಸಲು ಬರುವ ತಾಯಂದಿರಿಗೆ ಬಸ್ ಚಾರ್ಜು, ಆ ದಿನದ ಕೂಲಿ. ಭಾಗವಹಿಸುವವರಿಗೆ ವಿಮೆ. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡುವುದು ನಿಯಮದಲ್ಲೇ ಇದೆ. ಅದಕ್ಕೆ ಬಜೆಟ್ಟಿನಲ್ಲಿ ಜಾಗ ಇಲ್ಲದಿದ್ದರೆ ಬಡ ಕುಟುಂಬದ ಮೇಲೆ ಹೊರೆ ಬೀಳುತ್ತದೆ. ಅದು ಅನ್ಯಾಯ.

ಸರ್ಕಾರಿ ದುಡ್ಡು ಕಂತಿನಲ್ಲಿ ಬರುತ್ತದೆ, ತಡವಾಗಿಯೂ ಬರುತ್ತದೆ. ಯಂತ್ರದ ದುಡ್ಡನ್ನು ಸಂಬಳಕ್ಕೆ, ಸಂಬಳದ್ದನ್ನು ಯಂತ್ರಕ್ಕೆ ಕೇಳದೆ ತಿರುಗಿಸುವಂತಿಲ್ಲ. ಬ್ಯಾಂಕಿನಲ್ಲಿದ್ದಾಗ ಬಂದ ಬಡ್ಡಿಯೂ ಸರ್ಕಾರದ್ದೇ. ನಿಮ್ಮ ಕಾಲೇಜಿನ ಅಕೌಂಟ್ಸ್ ವಿಭಾಗದವರನ್ನು ಪ್ರಪೋಸಲ್ ಬರೆಯುವಾಗಲೇ ಕರೆದು ಕೂರಿಸಿಕೊಳ್ಳಿ. ಹೀಗೆ ಮಾಡಿದ ತಂಡಗಳಲ್ಲಿ ಮುಂದೆ ಬಿಲ್ಲು ನಿಂತದ್ದು ನಾನು ಕಂಡದ್ದು ಕಡಿಮೆ.

ಆರು: ಬರೆಯುವುದು, ಸಂದರ್ಶನ

ಪ್ರತಿ ಮೂರು ಅಥವಾ ಆರು ತಿಂಗಳಿಗೊಂದು ಗುರಿ ಬರೆಯಿರಿ. ಅಳೆಯಲು ಆಗುವ ಹಾಗೆ ಬರೆಯಿರಿ. "ಮಾದರಿ ಉತ್ತಮಪಡಿಸಲಾಗುವುದು" ಅಂದರೆ ಏನೂ ಹೇಳಿದಂತಾಗಲಿಲ್ಲ. "ಐವತ್ತು ಕೂಸುಗಳಲ್ಲಿ ಬೆಲ್ಟಿನ ಎಣಿಕೆ ಮತ್ತು ಸಿಸ್ಟರ್ ಎಣಿಕೆ ನಿಮಿಷಕ್ಕೆ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು" ಅಂದರೆ ಅದು ಗುರಿ. ಅದು ಸಿಗದಿದ್ದರೆ ಏನು ಮಾಡುತ್ತೀರಿ, ಯಾವಾಗ ಕೈಬಿಡುತ್ತೀರಿ ಅದನ್ನೂ ಬರೆಯಿರಿ. ನಿಲ್ಲಿಸುವ ಜಾಗ ಗೊತ್ತಿರುವ ತಂಡವನ್ನು ಪರಿಶೀಲಕರು ನಂಬುತ್ತಾರೆ.

ಸಂದರ್ಶನಕ್ಕೆ ಡಾಕ್ಟರು, ಎಂಜಿನಿಯರು ಇಬ್ಬರೂ ಹೋಗಿ. ಡಾಕ್ಟರಿಗೆ ಕೇಳಿದ್ದನ್ನು ಡಾಕ್ಟರೇ ಹೇಳಲಿ.

ಏಳು: ಎಥಿಕ್ಸ್ ಕಮಿಟಿ, ಸಿಟಿಆರ್‌ಐ, ಕನ್ನಡದ ಒಪ್ಪಿಗೆ ಪತ್ರ

ನಿಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ ಯಾವ ನೋಂದಣಿ ಪಡೆದಿದೆ ಅಂತ ಕೇಳಿ. ಸಾಮಾನ್ಯ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಸಾಕು. ಹೊಸ ಔಷಧ, ಹೊಸ ಸಾಧನದ ಪರೀಕ್ಷೆಗೆ ಸಿಡಿಎಸ್‌ಸಿಒ ನೋಂದಣಿ ಬೇಕು. ಕ್ಲಿನಿಕಲ್ ಟ್ರಯಲ್ ನಡೆಯುವ ಜಾಗದಲ್ಲಿ ಸ್ವಂತ ಕಮಿಟಿ ಇಲ್ಲದಿದ್ದರೆ ಅದೇ ಊರಿನ ಅಥವಾ 50 ಕಿಲೋಮೀಟರ್ ಒಳಗಿನ ಬೇರೆ ಕಮಿಟಿಯ ಒಪ್ಪಿಗೆ ಪಡೆಯಲು ನಿಯಮದಲ್ಲಿ ಅವಕಾಶ ಇದೆ.

ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆ ದೇಶದ ಟ್ರಯಲ್‌ಗಳ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐನಲ್ಲಿ ನೋಂದಾಯಿಸಬೇಕು. ಇದಕ್ಕೆ ಶುಲ್ಕ ಇಲ್ಲ. ಟ್ರಯಲ್ ಶುರುವಾದ ಮೇಲೆ ನೋಂದಾಯಿಸುತ್ತೇವೆ ಅಂದರೆ 2018ರ ಏಪ್ರಿಲ್ 1ರಿಂದ ಈಚೆಗೆ ತೆಗೆದುಕೊಳ್ಳುವುದಿಲ್ಲ. ಒಂದು ದಿನ ತಡವಾಗಿ ಇಡೀ ಕೆಲಸ ನೋಂದಣಿ ಇಲ್ಲದೆ ಉಳಿದದ್ದನ್ನು ನೋಡಿದ್ದೇನೆ.

ಒಪ್ಪಿಗೆ ಪತ್ರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮಲ್ಲಿ ಇದು ಇಂಗ್ಲಿಷಿನಲ್ಲಿ ಹುಟ್ಟಿ, ಕೊನೆಯ ರಾತ್ರಿ ಕನ್ನಡಕ್ಕೆ ಬರುತ್ತದೆ. "ಯಾದೃಚ್ಛಿಕವಾಗಿ ಹಂಚಲಾಗುವುದು" ಅಂತ ಬರೆದಿರುತ್ತಾರೆ. ಹೆರಿಗೆಯಾಗಿ ಎರಡು ದಿನವಾದ ತಾಯಿಗೆ ಅದು ಏನು ಅರ್ಥವಾಗಬೇಕು? "ಯಾವ ಕೂಸಿಗೆ ಬೆಲ್ಟು, ಯಾವ ಕೂಸಿಗೆ ಈಗಿನ ಮಾನಿಟರು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಡಾಕ್ಟರು ಆರಿಸುವುದಿಲ್ಲ" ಅಂದರೆ ತಿಳಿಯುತ್ತದೆ. "ನೀವು ಬೇಡ ಅಂದರೂ ನಿಮ್ಮ ಕೂಸಿನ ಚಿಕಿತ್ಸೆಯಲ್ಲಿ ಏನೂ ಕಮ್ಮಿಯಾಗುವುದಿಲ್ಲ" ಎಂಬ ಮಾತನ್ನು ದಪ್ಪ ಅಕ್ಷರದಲ್ಲಿ, ಮೊದಲ ಪುಟದಲ್ಲೇ ಹಾಕಿ. ಬರೆದ ಮೇಲೆ ವಾರ್ಡಿನ ಆಯಾ ಒಬ್ಬರಿಗೆ ಓದಿ ಹೇಳಿ. ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ. ಕಲಬುರಗಿಯಲ್ಲಿ ಉರ್ದು, ಬಳ್ಳಾರಿಯಲ್ಲಿ ತೆಲುಗು, ಬೆಳಗಾವಿಯಲ್ಲಿ ಮರಾಠಿ ಪತ್ರವೂ ಬೇಕಾಗುತ್ತದೆ. ಅನುವಾದದ ಖರ್ಚನ್ನೂ ಬಜೆಟ್ಟಿನಲ್ಲಿ ಸೇರಿಸಿ.

ಎಂಟು: ವಿದೇಶದವರು ಜೊತೆಗಿದ್ದರೆ

ವಿದೇಶಿ ಸಂಸ್ಥೆಯ ದುಡ್ಡು ಅಥವಾ ಪಾಲುದಾರಿಕೆ ಇದ್ದರೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ, ಎಚ್‌ಎಂಎಸ್‌ಸಿಯ ಒಪ್ಪಿಗೆ ನೋಡಿಕೊಳ್ಳಿ. ವಿದೇಶಿ ದೇಣಿಗೆ ಪಡೆಯಲು ನಿಮ್ಮ ಸಂಸ್ಥೆಗೆ ಎಫ್‌ಸಿಆರ್‌ಎ ಕಾಯ್ದೆ ಅನ್ವಯಿಸುತ್ತದೆಯೇ ಅಂತ ಆಡಿಟರ್ ಹತ್ತಿರ ಕೇಳಿ. ರಕ್ತದ ಮಾದರಿ ಹೊರದೇಶಕ್ಕೆ ಹೋಗುವುದಾದರೆ ಅದಕ್ಕೆ ಪ್ರತ್ಯೇಕ ಒಪ್ಪಂದ ಬೇಕು. ಅಮೆರಿಕ, ಬ್ರಿಟನ್‌ಗಳಲ್ಲಿ ಔಷಧ ಕಂಪನಿ, ಆಸ್ಪತ್ರೆಗಳಲ್ಲಿರುವ ಕನ್ನಡಿಗರು ಎಷ್ಟೋ ಜನ ನೆರವಾಗಲು ತಯಾರಿದ್ದಾರೆ. ಅವರಿಂದ ದುಡ್ಡಿಗಿಂತ ಮೊದಲು ಸಮಯ ಕೇಳಿ. ನಿಮ್ಮ ಒಪ್ಪಿಗೆಯ ನಕ್ಷೆಯನ್ನು ಒಂದು ಗಂಟೆ ಕೂತು ನೋಡಿಕೊಟ್ಟರೆ ಅದೇ ದೊಡ್ಡ ಸಹಾಯ.

ಒಂಬತ್ತು: ದುಡ್ಡು ಬಂದ ಮೇಲೆ

ಮೊದಲ ತಿಂಗಳಲ್ಲೇ ಎಥಿಕ್ಸ್ ಕಮಿಟಿ, ಟೆಸ್ಟ್ ಲೈಸೆನ್ಸ್ ಅರ್ಜಿಗಳು ಹೋಗಿರಬೇಕು. ಕೆಲಸಕ್ಕೆ ಜನರನ್ನು ಒಂದೇ ಸಲ ತೆಗೆದುಕೊಳ್ಳಬೇಡಿ. ಒಪ್ಪಿಗೆ ಹತ್ತಿರ ಬಂದಾಗ ಕೋಆರ್ಡಿನೇಟರನ್ನು ತೆಗೆದುಕೊಳ್ಳಿ.

ಪ್ರತಿ ಹಣಕಾಸು ವರ್ಷ ಮುಗಿದ ಕೂಡಲೇ ಹಣ ಬಳಕೆಯ ಪ್ರಮಾಣಪತ್ರ (ಯುಸಿ) ಕಳಿಸಿ. ನಮೂನೆ ಜಿಎಫ್‌ಆರ್ 12-ಎ. ಅದು ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಸಾಧನದಿಂದ ಕೂಸಿಗೆ ಏನಾದರೂ ಗಂಭೀರ ತೊಂದರೆಯಾದರೆ ಮುಚ್ಚಿಡಬೇಡಿ. ಯಾರಿಗೆ, ಎಷ್ಟು ಗಂಟೆಯೊಳಗೆ ತಿಳಿಸಬೇಕು ಅಂತ ಮೊದಲೇ ಗೋಡೆಗೆ ಅಂಟಿಸಿಡಿ.

ಸರ್ಕಾರಿ ಮೆಡಿಕಲ್ ಕಾಲೇಜಾದರೆ ವರ್ಗಾವಣೆಯ ಬಗ್ಗೆ ಈಗಲೇ ಯೋಚಿಸಿ. ಪಿಐ ಆಗಿರುವ ಡಾಕ್ಟರು ಬೇರೆ ಜಿಲ್ಲೆಗೆ ಹೋದರೆ ಖಾತೆಗೆ ಸಹಿ ಮಾಡುವವರು ಇರುವುದಿಲ್ಲ, ವಾರ್ಡಿನೊಳಗೆ ಬಿಡುವವರೂ ಇರುವುದಿಲ್ಲ. ಅದೇ ವಿಭಾಗದ ಇನ್ನೊಬ್ಬರು ಮೊದಲಿನಿಂದಲೇ ಕೋ-ಪಿಐ ಆಗಿರಲಿ. ಎಥಿಕ್ಸ್ ಅರ್ಜಿಯಲ್ಲೂ ಅವರ ಹೆಸರಿರಲಿ. ವರ್ಗಾವಣೆ ಆದೇಶ ಬಂದ ದಿನವೇ ಪಿಐ ಬದಲಾವಣೆಗೆ ಪತ್ರ ಬರೆದು, ಎಥಿಕ್ಸ್ ಕಮಿಟಿ, ಅನುದಾನ ಕೊಟ್ಟವರು, ಸಿಟಿಆರ್‌ಐ ಮೂರೂ ಕಡೆ ಕಳಿಸಿ. ಹೋಗುವ ಡಾಕ್ಟರು ಕಡತಗಳನ್ನು ಪಟ್ಟಿ ಮಾಡಿ, ಇಬ್ಬರ ಸಹಿ ಹಾಕಿಸಿ, ಬೀರುವಿನ ಕೀಲಿಕೈ ಕೋ-ಪಿಐ ಕೈಗೆ ಕೊಟ್ಟು ಹೋಗಲಿ.